ಬೆಂಗಳೂರಿನ ಏರ್ ಆಂಬ್ಯುಲೆನ್ಸ್ ಚರಿತ್ರೆ: ವಿಮಾನ ಉಳಿಯಿತು, ಹೆಲಿಕಾಪ್ಟರ್ ಯಾಕೆ ಬೇರು ಬಿಡಲಿಲ್ಲ?

ಹಳೇಪೇಪರ್

ಏರ್ ಆಂಬ್ಯುಲೆನ್ಸ್ ಅಂದ ತಕ್ಷಣ ಎಲ್ಲರ ಕಣ್ಣಿಗೂ ಕಟ್ಟೋದು ಆಸ್ಪತ್ರೆ ತಾರಸಿ ಮೇಲೆ ಇಳಿಯೋ ಹೆಲಿಕಾಪ್ಟರ್. ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಬರೋ ರೋಗಿಗಳು ಮಾತ್ರ ಬಹುಪಾಲು ಪುಟ್ಟ ವಿಮಾನದಲ್ಲಿ, ಒಂದು ಏರ್‌ಪೋರ್ಟಿನಿಂದ ಇನ್ನೊಂದಕ್ಕೆ ಬರ್ತಾರೆ. ಹೀಗಾಗಿದ್ದು ಹೇಗೆ ಅನ್ನೋದನ್ನ ಒಂದು ಕಡೆ ಬರೆದಿಡೋಣ ಅಂತ ಈ ಚರ್ಚೆ. ಗೊತ್ತಿರೋರು ಸೇರಿಸಿ, ತಿದ್ದಿ.

ಮೊದಲು ಹೊರಗಿನ ಚರಿತ್ರೆ ಸ್ವಲ್ಪ. 1870ರ ಪ್ಯಾರಿಸ್ ಮುತ್ತಿಗೆಯಲ್ಲಿ ಗಾಯಾಳುಗಳನ್ನ ಬಲೂನಿನಲ್ಲಿ ಸಾಗಿಸಿದ್ರು ಅಂತ ಎಲ್ಲ ಕಡೆ ಬರೀತಾರೆ, ಅದು ಕಟ್ಟುಕತೆ. ಬಲೂನಿನಲ್ಲಿ ಹೋಗಿದ್ದು ಅಂಚೆ ಮತ್ತು ಕೆಲವು ಪ್ರಯಾಣಿಕರು. ನಿಜವಾಗಿ ನಿಂತ ಮೊದಲ ಸೇವೆ ಆಸ್ಟ್ರೇಲಿಯಾದ್ದು. ಪಾದ್ರಿ ಜಾನ್ ಫ್ಲಿನ್ ಕಟ್ಟಿದ್ದು, 1928ರ ಮೇ 17ರಂದು ಕ್ವೀನ್ಸ್‌ಲೆಂಡಿನ ಕ್ಲಾನ್‌ಕರಿಯಿಂದ ಮೊದಲ ಹಾರಾಟ, ಕ್ವಾಂಟಾಸ್‌ನಿಂದ ಬಾಡಿಗೆಗೆ ತಂದ ವಿಮಾನದಲ್ಲಿ. ಮರುವರ್ಷ ಆಲ್ಫ್ರೆಡ್ ಟ್ರೇಗರ್ ಕಾಲಲ್ಲಿ ತುಳಿದು ವಿದ್ಯುತ್ ಹುಟ್ಟಿಸೋ ರೇಡಿಯೋ ಮಾಡಿಕೊಟ್ಟ ಮೇಲೆ ಸೇವೆ ಗಟ್ಟಿಯಾಯ್ತು. ಕರೆಯೋಕೆ ದಾರಿಯೇ ಇಲ್ಲದಿದ್ರೆ ವಿಮಾನ ಇದ್ದೇನು ಪ್ರಯೋಜನ. 1933ರಲ್ಲಿ ಸ್ಕಾಟ್ಲೆಂಡಿನ ಐಲಾ ದ್ವೀಪದಿಂದ ಗ್ಲಾಸ್ಗೋಗೆ ರೋಗಿಯನ್ನ ತಂದ್ರು. ಹೆಲಿಕಾಪ್ಟರಿನ ಸರದಿ ಬಂದಿದ್ದು 1944ರ ಏಪ್ರಿಲ್‌ನಲ್ಲಿ, ಬರ್ಮಾ ಕಾಡಿನಲ್ಲಿ. ಕಾರ್ಟರ್ ಹಾರ್ಮನ್ ಹಾರಿಸಿದ ಆ ಸಿಕೋರ್ಸ್ಕಿ ಹೊರಟಿದ್ದು ನಮ್ಮ ಅಸ್ಸಾಮಿನ ಲಾಲಾಘಾಟ್‌ನಿಂದ. ಜನಸಾಮಾನ್ಯರಿಗೆ ಹೆಲಿಕಾಪ್ಟರ್ ಸೇವೆ ಅಂದ್ರೆ 1970ರ ನವೆಂಬರ್ 1ಕ್ಕೆ ಮ್ಯೂನಿಕ್‌ನಲ್ಲಿ ಶುರುವಾದ ಕ್ರಿಸ್ಟೋಫ್ 1, ಆಮೇಲೆ 1987ರ ಏಪ್ರಿಲ್ 1ಕ್ಕೆ ಇಂಗ್ಲೆಂಡಿನ ಕಾರ್ನ್‌ವಾಲ್.

ಇವೆಲ್ಲದರ ಹಿಂದೆ ಆಯಾ ಜಾಗದ ಒಂದೊಂದು ತೊಂದರೆ ಇತ್ತು. ರಸ್ತೆಯಿಲ್ಲದ ಬಯಲು, ದ್ವೀಪ, ಹೆದ್ದಾರಿ ಅಪಘಾತ, ಬೇಸಿಗೆಯಲ್ಲಿ ಪ್ರವಾಸಿಗರಿಂದ ಕಿಕ್ಕಿರಿಯೋ ಸಪೂರ ರಸ್ತೆ. ಬೆಂಗಳೂರಿನ ತೊಂದರೆ ಯಾವುದು?

ಮುರುಗೇಶ್‌ಪಾಳ್ಯ

ತೊಂದರೆ ಆಮೇಲೆ, ಮೊದಲು ಅನುಕೂಲ ಹೇಳ್ತೀನಿ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಕಾರ್ಖಾನೆ ಹಾಕಿದಾಗಿನಿಂದ ಈ ಊರಲ್ಲಿ ವಿಮಾನ ಕಟ್ಟೋರಿದ್ದಾರೆ. ವಾಯುಪಡೆಯ ಕಮಾಂಡ್ ಆಸ್ಪತ್ರೆ ಇಲ್ಲೇ. 1957ರಲ್ಲಿ ಶುರುವಾದ ಏವಿಯೇಷನ್ ಮೆಡಿಸಿನ್ ಸಂಸ್ಥೆಯೂ ಇಲ್ಲೇ, ಎಚ್‌ಎಎಲ್ ಪಕ್ಕದಲ್ಲಿ. ಎತ್ತರದಲ್ಲಿ ಮನುಷ್ಯನ ದೇಹ ಹೇಗೆ ನಡ್ಕೊಳ್ಳುತ್ತೆ ಅನ್ನೋದನ್ನ ದೇಶಕ್ಕೆ ಕಲಿಸೋ ಜಾಗ ಅದು. ಎಚ್‌ಎಎಲ್‌ನ ಚೇತಕ್ ಹೆಲಿಕಾಪ್ಟರಿನಲ್ಲಿ ಇಬ್ಬರನ್ನ ಮಲಗಿಸಿ ತರಬಹುದು. 1992ರ ಆಗಸ್ಟಿನಲ್ಲಿ ಮೊದಲು ಹಾರಿದ ಧ್ರುವ್‌ಗೆ ಹಿಂಬದಿ ಕಪ್ಪೆಚಿಪ್ಪಿನ ಥರ ತೆರೆಯೋ ಬಾಗಿಲು, ನಾಲ್ಕು ಸ್ಟ್ರೆಚರ್ ತನಕ ಹಿಡಿಯುತ್ತೆ. ಅಂದ್ರೆ ಯಂತ್ರ, ವಿದ್ಯೆ ಎರಡೂ ಊರಲ್ಲಿತ್ತು. ಹೋಗಿದ್ದು ಮಾತ್ರ ಸೇನೆಗೆ.

ನಾಗರಿಕ ಏರ್ ಆಂಬ್ಯುಲೆನ್ಸ್‌ನ ನಿಜವಾದ ತಿರುವು 2008ರ ಮೇ 24. ದೇವನಹಳ್ಳಿ ಏರ್‌ಪೋರ್ಟ್ ತೆರೆದ ಮೇಲೆ ಎಚ್‌ಎಎಲ್ ಏರ್‌ಪೋರ್ಟಿಗೆ ಟಿಕೆಟ್ ವಿಮಾನ ಬರೋದು ನಿಂತಿತು. ಖಾಸಗಿ ಮತ್ತು ಬಾಡಿಗೆ ವಿಮಾನಗಳಿಗೆ ಅವಕಾಶ ಉಳೀತು. ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಊರ ನಡುವೆ, ಹಳೇ ಏರ್‌ಪೋರ್ಟ್ ರಸ್ತೆಯ ದೊಡ್ಡ ಆಸ್ಪತ್ರೆಗಳಿಗೆ ಕೂಗಳತೆಯಲ್ಲಿ. ಬೊಮ್ಮಸಂದ್ರದ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾದ ಹೃದ್ರೋಗಿಯನ್ನ ದೇವನಹಳ್ಳಿಯಲ್ಲಿ ಇಳಿಸಿದ್ರೆ ಇಡೀ ಊರು ದಾಟಬೇಕು, ಎಚ್‌ಎಎಲ್‌ನಲ್ಲಿ ಇಳಿಸಿದ್ರೆ ದಾರಿ ಅದರ ಅರ್ಧಕ್ಕಿಂತ ಕಡಿಮೆ. ಹೆಲಿಕಾಪ್ಟರ್ ಇಲ್ಲಿ ಬೇರು ಬಿಡದಿರೋದಕ್ಕೆ ಒಂದು ಕಾರಣ ಇದೇ. ಅದು ಮಾಡಬೇಕಿದ್ದ ಕೆಲಸದ ಅರ್ಧ ಈ ರನ್‌ವೇ ಮಾಡ್ತಿದೆ.

ಗಾಳಿಚೀಲ

ಮುರುಗೇಶ್‌ಪಾಳ್ಯ ಸರ್ ಹೇಳಿದ್ದಕ್ಕೆ ಉಳಿದರ್ಧ ಸೇರಿಸ್ತೀನಿ. ಪ್ರಯತ್ನ ಆಗ್ಲಿಲ್ಲ ಅಂತಲ್ಲ. 2016ರಲ್ಲಿ ಏವಿಯೇಟರ್ಸ್ ಏರ್ ರೆಸ್ಕ್ಯೂ, ಅಮೆರಿಕದ ಏರ್ ಮೆಡಿಕಲ್ ಗ್ರೂಪ್ ಹೋಲ್ಡಿಂಗ್ಸ್ ಜೊತೆಗೂಡಿ ಏರ್‌ಬಸ್ ಎಚ್130 ಹೆಲಿಕಾಪ್ಟರ್ ಇಟ್ಕೊಂಡು ಇಲ್ಲಿ ಸೇವೆ ಶುರು ಮಾಡ್ತು. ಫೋನ್ ಮಾಡಿದ್ರೆ ಬರ್ತೀವಿ ಅನ್ನೋ ಮಾದರಿ. 2020ರಲ್ಲಿ ಐಕ್ಯಾಟ್ ಅನ್ನೋ ಕಂಪನಿ ಬೇರೆ ದಾರಿ ಹಿಡಿದು, ವಿಮಾನ, ವೈದ್ಯ ತಂಡ, ನೆಲದ ಆಂಬ್ಯುಲೆನ್ಸ್ ಎಲ್ಲ ಒಂದೇ ಕೈಯಲ್ಲಿರೋ ಹಾಗೆ ಹೊಂದಿಸ್ತು. ಎರಡನೇದೇ ಈ ಊರಿಗೆ ಒಗ್ಗಿದ್ದು.

ಹೆಲಿಕಾಪ್ಟರಿಗೆ ಇಲ್ಲಿರೋ ಅಡ್ಡಿ ಮೊದಲು ಗಾಳಿಯದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ರೆ 26 ಡಿಗ್ರಿ ಹೆಚ್ಚು. ಡಿಗ್ರಿಗೆ 120 ಅಡಿ ಲೆಕ್ಕ ಹಾಕಿ, ಡೆನ್ಸಿಟಿ ಆಲ್ಟಿಟ್ಯೂಡ್, ಅಂದ್ರೆ ಗಾಳಿ ಎಷ್ಟು ಎತ್ತರದ್ದರಷ್ಟು ತೆಳುವಾಗಿದೆ ಅನ್ನೋ ಲೆಕ್ಕ, 6,100 ಅಡಿ ದಾಟುತ್ತೆ. ರೋಟರ್ ಪಾಲಿಗೆ ಅದು ಗುಡ್ಡದ ಮೇಲಿನ ತೆಳು ಗಾಳಿ. ಪೈಲಟ್, ಡಾಕ್ಟರ್, ಪ್ಯಾರಾಮೆಡಿಕ್, ರೋಗಿ, ಸಿಲಿಂಡರ್, ವೆಂಟಿಲೇಟರ್ ಎಲ್ಲ ಹೇರಿದ ಮೇಲೆ ಇಂಧನ ಇಳಿಸಬೇಕಾಗುತ್ತೆ, ದೂರ ಕಡಿಮೆಯಾಗುತ್ತೆ.

ಎರಡನೇದು ತಾರಸಿ. ಎಚ್130ಗೆ ಒಂದೇ ಇಂಜಿನ್. ಜನ ಕಿಕ್ಕಿರಿದ ಜಾಗದಲ್ಲಿ ಏಳುವಾಗ ಇಂಜಿನ್ ನಿಂತ್ರೆ ಇಳಿಯೋಕೆ ಬಯಲಿಲ್ಲ. ಹಾಗಾಗಿ ಇಂಥ ತಾರಸಿಗಳಿಗೆ ಒಂದು ಇಂಜಿನ್ ಕೈಕೊಟ್ರೂ ವಾಪಸ್ ಇಳಿಯೋ ಅಥವಾ ಹಾರಿ ಪಾರಾಗೋ, ಪರ್ಫಾರ್ಮೆನ್ಸ್ ಕ್ಲಾಸ್ 1 ಅನ್ನೋ ಎರಡು ಇಂಜಿನ್ ಯಂತ್ರ ಬೇಕು. ಎಚ್145 ಥರದ್ದು ಪೂರ್ತಿ ತುಂಬಿದ್ರೆ 3.8 ಟನ್, ತುರ್ತಾಗಿ ಧೊಪ್ಪಂತ ಇಳಿದಾಗಿನ ಹೊಡೆತಕ್ಕೆ ತೂಕದ ಎರಡೂವರೆ ಪಟ್ಟು ಲೆಕ್ಕ ಹಿಡಿದು ಸ್ಲ್ಯಾಬ್ ವಿನ್ಯಾಸ ಮಾಡಬೇಕು, ಅಂದ್ರೆ ಸುಮಾರು 9.5 ಟನ್. ಕಟ್ಟಿ ಮುಗಿದ ಕಟ್ಟಡದ ಮೇಲೆ ಇದನ್ನ ಆಮೇಲೆ ಸೇರಿಸೋದು ಕಷ್ಟ. ನೊರೆ ಬೆಂಕಿಶಾಮಕ ಬೇಕು, ಸುತ್ತ ಮೊಬೈಲ್ ಟವರ್, ನೀರಿನ ಟ್ಯಾಂಕ್ ಇರಬಾರದು, ಸ್ಟ್ರೆಚರ್ ಹಿಡಿಯೋ ಲಿಫ್ಟ್ ಹೆಲಿಪ್ಯಾಡ್ ಮಟ್ಟಕ್ಕೇ ಬರಬೇಕು. ಲಿಫ್ಟ್ ಒಂದು ಮಹಡಿ ಕೆಳಗೇ ನಿಂತು, ವೆಂಟಿಲೇಟರಿನಲ್ಲಿರೋ ರೋಗಿಯನ್ನ ಮೆಟ್ಟಿಲಲ್ಲಿ ಎತ್ಕೊಂಡು ಹೋಗೋ ಹಾಗಿದ್ರೆ ಆ ಹೆಲಿಪ್ಯಾಡ್ ಬರೀ ಫೋಟೋಕ್ಕೆ.

ಹುಬ್ಬಳ್ಳಿಮಂದಿ

ನಿಮ್ಮ ಊರಿನ ತಾರಸಿ ಮಾತು ಆತ್ರಿ, ನಮ್ಮ ಕಡೆ ಮಂದೀದೂ ಸ್ವಲ್ಪ ನೋಡ್ರಿ. ಕಲಬುರಗಿಯಿಂದ ಬೆಂಗಳೂರಿಗೆ ರಸ್ತಾದಾಗ ಹತ್ತು ತಾಸಿಗೆ ಕಡಿಮಿ ಇಲ್ಲ, ಬೀದರದಿಂದ ಇನ್ನೂ ದೂರ. 2019ರಾಗ ಕಲಬುರಗಿ, 2020ರಾಗ ಬೀದರ, 2023ರಾಗ ಶಿವಮೊಗ್ಗ ಏರ್‌ಪೋರ್ಟ್ ಆದ್ವು. ಆದ್ರ 108ಕ್ಕ ಫೋನ್ ಹಚ್ಚಿದ್ರ ವಿಮಾನ ಬರಂಗಿಲ್ಲ. ಮಧ್ಯಪ್ರದೇಶದಾಗ 2024ರಿಂದ ಸರ್ಕಾರನ ಒಂದು ವಿಮಾನ, ಒಂದು ಹೆಲಿಕಾಪ್ಟರ್ ಇಟ್ಟು ಆಯುಷ್ಮಾನ್ ಕಾರ್ಡ್ ಇದ್ದವರಿಗೆ ಪುಕ್ಕಟೆ ಒಯ್ತೈತಿ. ರಿಷಿಕೇಶದ ಏಮ್ಸ್‌ದಾಗ ಅದ ವರ್ಷ ಅಕ್ಟೋಬರ್ 29ಕ್ಕ ಹೆಲಿಕಾಪ್ಟರ್ ಸೇವಾ ಚಾಲೂ ಆತು. ನಮ್ಮಲ್ಲೇ ಯಾಕ ಆಗಂಗಿಲ್ಲ?

ಬೆಡ್‌ಟುಬೆಡ್

ಪ್ರಶ್ನೆ ಸರಿ ಇದೆ ರೀ. ಉತ್ತರ ಮಾತ್ರ ಊರಿಂದ ಊರಿಗೆ ಬೇರೆ. ಹಾರಾಟದ ಸಮಯವನ್ನೇ ಎಲ್ಲರೂ ಲೆಕ್ಕ ಹಾಕ್ತಾರೆ. ಹಾಕಬೇಕಾದ್ದು ಹಾಸಿಗೆಯಿಂದ ಹಾಸಿಗೆಗೆ ಆಗೋ ಸಮಯ.

ಶಿವಮೊಗ್ಗ ತಗೊಳ್ಳಿ. ಹಾರಾಟ 40 ನಿಮಿಷ. ವಿಮಾನ ಬೆಂಗಳೂರಲ್ಲೇ ಸಿದ್ಧ ಇದ್ರೂ ಫ್ಲೈಟ್ ಪ್ಲಾನ್, ವೈದ್ಯ ತಂಡ, ಸಲಕರಣೆ ಹೇರೋದು ಅಂತ ಒಂದೂವರೆ ಗಂಟೆ. ಅಲ್ಲಿಗೆ 40 ನಿಮಿಷ. ತಂಡ ಆಸ್ಪತ್ರೆಗೆ ಹೋಗಿ ರೋಗಿಯನ್ನ ತಮ್ಮ ವೆಂಟಿಲೇಟರಿಗೆ, ತಮ್ಮ ಪಂಪುಗಳಿಗೆ ಬದಲಾಯಿಸಿ 15 ನಿಮಿಷವಾದ್ರೂ ಸ್ಥಿರವಾಗಿದ್ದಾರಾ ನೋಡೋದಕ್ಕೆ ಒಂದು ಗಂಟೆ. ಏರ್‌ಪೋರ್ಟಿಗೆ ವಾಪಸ್, ಸೆಕ್ಯೂರಿಟಿ, ವಿಮಾನಕ್ಕೆ ಹತ್ತಿಸೋದು ಮುಕ್ಕಾಲು ಗಂಟೆ. ವಾಪಸ್ ಹಾರಾಟ ಮತ್ತೆ 40 ನಿಮಿಷ, ಇಲ್ಲಿ ಇಳಿದ ಮೇಲೆ ಒಂದು ಗಂಟೆ. ಒಟ್ಟು ಐದೂವರೆ ಗಂಟೆ ಮೀರ್ತು. ಸುಮಾರು 300 ಕಿ.ಮೀ. ರಸ್ತೆಯಲ್ಲಿ ಒಳ್ಳೆ ಐಸಿಯು ಆಂಬ್ಯುಲೆನ್ಸ್ ಅಷ್ಟೇ ಹೊತ್ತಿಗೆ ಬರುತ್ತೆ, ಹಾಸಿಗೆ ಬದಲಾಯಿಸೋ ಸಲವೂ ಕಡಿಮೆ. ಪ್ರತಿ ಸಲ ಎತ್ತಿ ಇಳಿಸುವಾಗ ಟ್ಯೂಬ್ ಜಾರೋ ಅಪಾಯ ಇರುತ್ತೆ, ಅದು ಮರೀಬಾರದು.

ಕಲಬುರಗಿ, ಬೀದರ್‌ಗೆ ಇದೇ ಲೆಕ್ಕ ಹಾಕಿ. ಹಾರಾಟಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಜಾಸ್ತಿ ಆಗುತ್ತೆ ಅಷ್ಟೇ, ರಸ್ತೆ ಮಾತ್ರ ದುಪ್ಪಟ್ಟಾಗುತ್ತೆ. ಅಲ್ಲಿ ವಿಮಾನ ಕಣ್ಮುಚ್ಚಿ ಗೆಲ್ಲುತ್ತೆ. ಹಾಗಾಗಿ ಸರ್ಕಾರಿ ವಿಮಾನ ಬಂದ್ರೆ ಅದರ ನೆಲೆ ಬೆಂಗಳೂರಲ್ಲಿ ಇರಬಾರದು ಅನ್ನೋದು ನನ್ನ ಪಕ್ಕಾ ಅಭಿಪ್ರಾಯ. ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ನಿಲ್ಲಿಸಿದ್ರೆ ವಿಮಾನ ಖಾಲಿ ಹಾರಿ ಬರೋ ತನಕ ರೋಗಿ ಕಾಯೋ ಹೊತ್ತು ಕಡಿಮೆಯಾಗುತ್ತೆ.

ರಾತ್ರಿ ಬೇರೆ ಕತೆ. ಸಣ್ಣ ಏರ್‌ಪೋರ್ಟುಗಳಿಗೆ ಕೆಲಸದ ಅವಧಿ ಅಂತ ಇರುತ್ತೆ. ಅದರಾಚೆ ತೆರೆಸೋಕೆ ಮೊದಲೇ ಹೇಳಿ, ಹೆಚ್ಚುವರಿ ಶುಲ್ಕ ಕಟ್ಟಬೇಕು. ಶಿವಮೊಗ್ಗ ಶುರುವಾದಾಗ ರಾತ್ರಿ ಇಳಿಯೋ ಸೌಲಭ್ಯವೇ ಇರಲಿಲ್ಲ. ಸಂಜೆ ಐದಕ್ಕೆ ಕರೆ ಬಂದ್ರೆ ಮರುದಿನ ಬೆಳಗ್ಗೆ ಅಂತಲೇ ಅರ್ಥ.

ಮತ್ತೆ ಹೃದಯಾಘಾತಕ್ಕೆ ವಿಮಾನ ಕೇಳೋರಿಗೆ ಒಂದು ಮಾತು. ಅಲ್ಲಿ ಮೊದಲು ಬೇಕಾದ್ದು ಹೆಪ್ಪು ಕರಗಿಸೋ ಇಂಜೆಕ್ಷನ್. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಟೆನೆಕ್ಟೆಪ್ಲೇಸ್ ಅನ್ನೋ ಆ ಇಂಜೆಕ್ಷನ್ನನ್ನ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡ್ತಾರೆ. ಅದನ್ನ ಬಿಟ್ಟು ವಿಮಾನಕ್ಕೆ ಕಾದ್ರೆ ಹೃದಯದ ಸ್ನಾಯು ಸಾಯ್ತಾ ಇರುತ್ತೆ.

ಐಸಿಯುಪಾಳಿ

ವಿಮಾನದ ಒಳಗಿನ ಲೆಕ್ಕ ಯಾರೂ ಬರೆದಿಲ್ಲ, ಬರೀತೀನಿ. ಉದ್ದ ಆಗುತ್ತೆ, ಕ್ಷಮಿಸಿ.

ಕ್ಯಾಬಿನ್ ಒತ್ತಡ 8,000 ಅಡಿಗೆ ಸಮ ಇದ್ರೆ ವಾಯುಭಾರ 565 ಮಿ.ಮೀ. ಪಾದರಸ. ಬೆಂಗಳೂರಲ್ಲಿ 681, ಕಡಲ ಮಟ್ಟದಲ್ಲಿ 760. ಬೆಂಗಳೂರಿಂದ ಹೊರಡೋ ರೋಗಿ 50 ಶೇಕಡ ಆಮ್ಲಜನಕದಲ್ಲಿದ್ರೆ ಅಷ್ಟೇ ಪರಿಣಾಮಕ್ಕೆ ಮೇಲೆ ಬೇಕಾದ್ದು 50 ಗುಣಿಸು 681 ಭಾಗಿಸು 565, ಅಂದ್ರೆ 60. ಮಂಗಳೂರಿನಿಂದ ಹೊರಟ್ರೆ 67. ಇಲ್ಲೇ 80 ಶೇಕಡದಲ್ಲಿ ಒದ್ದಾಡ್ತಿರೋ ಶ್ವಾಸಕೋಶಕ್ಕೆ ಮೇಲೆ ಮೀಸಲು ಏನೂ ಉಳಿದಿರಲ್ಲ. ಅಂಥವರಿಗೆ ಕ್ಯಾಬಿನ್ ಎತ್ತರ ಇಳಿಸೋಕೆ ಪೈಲಟ್‌ಗೆ ಹೇಳಬೇಕು. ಕಿಂಗ್ ಏರ್ ಸಿ90 ಅನ್ನೋ ಪುಟ್ಟ ವಿಮಾನ ಒಳಗೂ ಹೊರಗೂ 5 ಪಿಎಸ್‌ಐ (ಒತ್ತಡದ ಅಳತೆ) ವ್ಯತ್ಯಾಸ ತಡೆಯುತ್ತೆ, ಬಿ200 ಆದ್ರೆ 6.5. ಕ್ಯಾಬಿನ್ನನ್ನ ಬೆಂಗಳೂರಿನ ನೆಲದ ಮಟ್ಟದಲ್ಲೇ, 3,000 ಅಡಿಯಲ್ಲೇ ಇಡಬೇಕಂದ್ರೆ ಸಿ90 ಸುಮಾರು 15,000 ಅಡಿ ತನಕ ಹಾರಬಹುದು, ಬಿ200 ಸುಮಾರು 20,000. ಬೆಲೆ ಇದೆ: ಕೆಳಗೆ ಹಾರಿದ್ರೆ ಇಂಧನ ಜಾಸ್ತಿ, ಅಲುಗಾಟ ಜಾಸ್ತಿ, ಮೇ ತಿಂಗಳ ಗುಡುಗು ಮೋಡಗಳನ್ನ ಸುತ್ತಿಕೊಂಡೇ ಹೋಗಬೇಕು.

ಗಾಳಿ ಹಿಗ್ಗೋದು ಮುಂದಿನ ಸಮಸ್ಯೆ. ಕಡಲ ಮಟ್ಟದಿಂದ 8,000 ಅಡಿಗೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಹಿಗ್ಗುತ್ತೆ. ಎದೆಗೂಡಲ್ಲಿ ಗಾಳಿ ಸಿಕ್ಕಿದ್ರೆ (ನ್ಯುಮೋಥೊರಾಕ್ಸ್), ಅದು ಚಿಕ್ಕದಿದ್ರೂ ಹೊರಡೋ ಮೊದಲೇ ಟ್ಯೂಬ್ ಹಾಕಿರಬೇಕು. ನೀರಿನ ಬಾಟಲಿ ಚೆಲ್ಲುತ್ತೆ ಅಂತ ಗಾಳಿಯನ್ನ ಹೊರಗೆ ಮಾತ್ರ ಬಿಡೋ ಹೈಮ್ಲಿಕ್ ವಾಲ್ವ್ ಇರೋ ಚೀಲ. ಮೂಗಿನ ನಳಿಕೆ ತೆರೆದಿರಬೇಕು. ಕಣ್ಣಿನ ಒಳಗೆ ಗ್ಯಾಸ್ ತುಂಬಿದ ಶಸ್ತ್ರಚಿಕಿತ್ಸೆ ಆಗಿದ್ರೆ ಹಾರೋದೇ ಬೇಡ. ಡ್ರಿಪ್ ಗಾಜಿನ ಬಾಟಲಿಯಲ್ಲಿ ಬೇಡ, ಔಷಧಿ ಸಿರಿಂಜ್ ಪಂಪಿನಲ್ಲೇ. ಇಂಜಿನ್ ಸದ್ದಿಗೆ ಸ್ಟೆತಸ್ಕೋಪ್ ಕೆಲಸಕ್ಕೆ ಬರಲ್ಲ, ಟ್ಯೂಬ್ ಜಾಗದಲ್ಲಿದೆಯಾ ಅಂತ ಹೇಳೋದು ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯೋ ಕ್ಯಾಪ್ನೋಗ್ರಾಫ್ ಒಂದೇ.

ಆಕ್ಸಿಜನ್: ವೆಂಟಿಲೇಟರ್ ನಿಮಿಷಕ್ಕೆ 10 ಲೀಟರ್ ಕುಡಿಯುತ್ತೆ ಅಂದ್ಕೊಳ್ಳಿ. ರೋಗಿ ನಮ್ಮ ವೆಂಟಿಲೇಟರಿನಲ್ಲಿರೋ ಹೊತ್ತು ಮೂರೂಕಾಲು ಗಂಟೆ ಅಂದ್ರೆ 195 ನಿಮಿಷ, 1,950 ಲೀಟರ್. ಅದರ ಎರಡು ಪಟ್ಟು ಇರಲೇಬೇಕು, 3,900. ಬಿ ಟೈಪ್ ಸಿಲಿಂಡರಿನಲ್ಲಿ 1,500 ಲೀಟರ್ ಬರುತ್ತೆ, ಮೂರು ಬೇಕು. ಅರ್ಧ ತುಂಬಿದ್ದನ್ನ ಪೂರ್ತಿ ಅಂತ ಲೆಕ್ಕ ಹಿಡಿಯೋದೇ ಹೆಚ್ಚಾಗಿ ಎಡವೋ ಜಾಗ. ಗೇಜ್ ನೋಡಿ ಬರ್ಕೊಳ್ಳಿ. ಮೋಡ ತಪ್ಪಿಸೋಕೆ ಬೇರೆ ಏರ್‌ಪೋರ್ಟಿಗೆ ತಿರುಗಿದ್ರೆ ಆ ಎರಡನೇ ಪಟ್ಟೇ ಜೀವ ಉಳಿಸೋದು.

ಕುಡ್ಲ_ಶಿರಾಡಿ

ಮೇಡಂ, ಬಾರೀ ಒಳ್ಳೆ ಮಾಹಿತಿ. ಒಂದು ಸೇರಿಸ್ತೇನೆ. ಈ ಗಾಳಿ ಹಿಗ್ಗುವ ಲೆಕ್ಕ ವಿಮಾನಕ್ಕೆ ಮಾತ್ರ ಅಂತ ತಿಳ್ಕೊಂಡಿದ್ದಾರೆ ಎಲ್ಲ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಬರುವ ರಸ್ತೆ ಆಂಬ್ಯುಲೆನ್ಸಿನಲ್ಲೂ 760ರಿಂದ 681ಕ್ಕೆ ಇಳಿಯುತ್ತದಲ್ಲ ಮಾರಾಯ್ರೆ, ಗಾಳಿ ಹನ್ನೊಂದು ಹನ್ನೆರಡು ಶೇಕಡ ಹಿಗ್ಗುತ್ತದೆ. ಸಕಲೇಶಪುರದಲ್ಲಿ ಒಮ್ಮೆ ಉಸಿರಿನ ಟ್ಯೂಬಿನ ಕಫ್, ಅಂದ್ರೆ ಅದರ ಸುತ್ತ ಇರುವ ಗಾಳಿ ಚೀಲದ ಒತ್ತಡ ಮ್ಯಾನೋಮೀಟರ್ ಹಾಕಿ ನೋಡಬೇಕು, 20ರಿಂದ 30 ಸೆಂ.ಮೀ. ನೀರಿನ ನಡುವೆ ಉಂಟಾ ಅಂತ. ಕೈಯಲ್ಲಿ ಒತ್ತಿ ನೋಡುವುದು ಲೆಕ್ಕಕ್ಕಿಲ್ಲ.

ಮತ್ತೆ ಒಂದು ಡೌಟು. ಹೈ ಫ್ಲೋದಲ್ಲಿ, ಅಂದ್ರೆ ಮೂಗಿಗೆ ಜೋರು ಹರಿವಿನಲ್ಲಿ ಬಿಸಿ ಆಕ್ಸಿಜನ್ ಕೊಡುವ ಯಂತ್ರದಲ್ಲಿ ಇರುವ ರೋಗಿಯನ್ನು ಹಾಗೆಯೇ ಹಾರಿಸಬಹುದಾ?

ಐಸಿಯುಪಾಳಿ

ಕಷ್ಟ ಸರ್. ನಿಮಿಷಕ್ಕೆ 50 ಲೀಟರ್ ಹರಿವು, 80 ಶೇಕಡ ಆಮ್ಲಜನಕ ಅಂದ್ರೆ ಸಿಲಿಂಡರಿನಿಂದಲೇ 37 ಲೀಟರ್ ಹೋಗುತ್ತೆ. 195 ನಿಮಿಷಕ್ಕೆ 7,200 ಮೀರುತ್ತೆ, ಒಂದು ಇಡೀ ಡಿ ಟೈಪ್ ಜಂಬೋ ಖಾಲಿ, ಮೀಸಲು ಸೊನ್ನೆ. ಅದರ ಬಿಸಿ ಮಾಡೋ ಯಂತ್ರಕ್ಕೆ ಕರೆಂಟೂ ಬೇಕು. ಮಾಸ್ಕ್ ವೆಂಟಿಲೇಷನ್‌ಗೆ ಬದಲಾಯಿಸಿ ಎರಡು ಗಂಟೆ ತಡ್ಕೊಂಡ್ರೆ ಹೊರಡೋದು. ಇಲ್ಲಾಂದ್ರೆ ನೆಲದ ಮೇಲೇ ಟ್ಯೂಬ್ ಹಾಕಿ ಹೊರಡೋದು. ಗಾಳಿಯಲ್ಲಿ ಟ್ಯೂಬ್ ಹಾಕೋ ಪ್ಲಾನ್ ಪ್ಲಾನೇ ಅಲ್ಲ.

ಗಾಳಿಚೀಲ

ಕಫ್ ವಿಷಯ ಚಿನ್ನದಂಥ ಮಾತು. ವಿಮಾನದ ಬಾಗಿಲನ್ನೂ ಅಳತೆ ಮಾಡ್ಕೊಳ್ಳಿ. ಕಿಂಗ್ ಏರ್ ಬಾಗಿಲ ಅಗಲ 68 ಸೆಂ.ಮೀ. ಆಸುಪಾಸು, ಸ್ಟ್ರೆಚರ್ ಓರೆ ಮಾಡಿ ತಿರುಗಿಸಿಯೇ ಒಳಗೆ ಹೋಗೋದು. ರಕ್ತವನ್ನ ದೇಹದ ಹೊರಗೆ ತಂದು ಆಕ್ಸಿಜನ್ ಸೇರಿಸೋ ಎಕ್ಮೋ ಯಂತ್ರದಲ್ಲಿರೋ ರೋಗಿಗೆ ಆ ತಿರುವಿನಲ್ಲಿ ಪೈಪ್ ಮಡಚಿದ್ರೆ ರಕ್ತದ ಹರಿವೇ ನಿಲ್ಲುತ್ತೆ. ಪಿಲಾಟಸ್ ಪಿಸಿ-12ಗೆ 1.3 ಮೀಟರಿಗೂ ಅಗಲದ ಸರಕು ಬಾಗಿಲಿದೆ, ಹತ್ತಿಸೋದು ಸಲೀಸು. ಆದರೆ ಒಂದೇ ಇಂಜಿನ್.

ಹಳೇಪೇಪರ್

ಪಿಸಿ-12 ಅಂದ್ರೆ 2011ರ ಮೇ 25ರ ಫರೀದಾಬಾದ್ ದುರಂತ ಹೇಳಲೇಬೇಕು. ಪಟ್ನಾದಿಂದ ದೆಹಲಿಗೆ ರೋಗಿ ತರ್ತಿದ್ದ ವಿಮಾನ ರಾತ್ರಿ ಕೆಟ್ಟ ಹವೆಯಲ್ಲಿ ಮನೆಗಳ ಮೇಲೆ ಬಿತ್ತು. ಒಳಗಿದ್ದ ಏಳು, ನೆಲದ ಮೇಲಿದ್ದ ಮೂರು, ಒಟ್ಟು ಹತ್ತು ಜನ ಹೋದ್ರು. 2016ರ ಮೇನಲ್ಲಿ ಅದೇ ದಾರಿಯ ಸಿ90 ಎರಡೂ ಇಂಜಿನ್ ನಿಂತು ನಜಫ್‌ಗಢದ ಹೊಲದಲ್ಲಿ ಇಳೀತು, ಏಳೂ ಜನ ಬದುಕಿದ್ರು. 2021ರ ಮೇ 6ರಂದು ನಾಗಪುರದಲ್ಲಿ ಏಳುವಾಗಲೇ ಚಕ್ರ ಕಳಚಿದ ಸಿ90 ಮುಂಬೈನಲ್ಲಿ ಹೊಟ್ಟೆ ಮೇಲೆ ಇಳಿದು ಎಲ್ಲರೂ ಪಾರು. 2025ರ ಮೇ 17ಕ್ಕೆ ಏಮ್ಸ್ ರಿಷಿಕೇಶದ ಹೆಲಿಕಾಪ್ಟರ್ ಕೇದಾರನಾಥದ ಹತ್ತಿರ ಬಾಲ ಮುರ್ಕೊಳ್ತು, ಜೀವಹಾನಿ ಇಲ್ಲ. ಹೊರಡೋದಾ ಬೇಡ್ವಾ ಅನ್ನೋ ತೀರ್ಮಾನ ಪೈಲಟ್‌ದೇ ಆಗಿರಬೇಕು, ರೋಗಿಯ ಸ್ಥಿತಿ ಕೇಳದೆ ಹವೆ ಮಾತ್ರ ನೋಡಿ.

ಹುಬ್ಬಳ್ಳಿಮಂದಿ

ಇದು ಬರೋಬರಿ. ಮನಿ ಮಂದಿ ಪೈಲಟ್‌ಗ ಫೋನ್ ಮಾಡಿ ಅಳೂದನ್ನ ಆಪರೇಟರ್ ತಡೀಬೇಕ್ರಿ. ಅಂಗಾಂಗ ಒಯ್ಯೂ ಲೆಕ್ಕ ಯಾರರ ಹೇಳ್ರಿ, ಅದೂ ಇದರಾಗ ಬರ್ತೈತಿ.

ಮುರುಗೇಶ್‌ಪಾಳ್ಯ

ಬರುತ್ತೆ. ಹೃದಯಕ್ಕೆ ಹೊರಗೆ ಉಳಿಯೋ ಕಾಲ ನಾಲ್ಕು ಗಂಟೆ, ಲಿವರಿಗೆ ಎಂಟರಿಂದ ಹನ್ನೆರಡು, ಕಿಡ್ನಿಗೆ ಒಂದು ದಿನದ ಮೇಲೂ ಆಗುತ್ತೆ. 2014ರ ಸೆಪ್ಟೆಂಬರ್ 3ರಂದು ಕೆಂಗೇರಿಯ ಬಿಜಿಎಸ್ ಆಸ್ಪತ್ರೆಯಿಂದ ಚೆನ್ನೈಗೆ ಹೃದಯ ಹೋದಾಗ ಟ್ರಾಫಿಕ್ ಪೊಲೀಸರು ಕೊಟ್ಟ ಹಸಿರು ದಾರಿ ಇಡೀ ಊರಿಗೆ ಗೊತ್ತಾಯ್ತು. ಡಬ್ಬಕ್ಕೆ ಸ್ಟ್ರೆಚರ್, ವೈದ್ಯ ತಂಡದ ಗೋಜಿಲ್ಲ, ಟಿಕೆಟ್ ವಿಮಾನವೇ ಸಾಕು. 2025ರ ಆಗಸ್ಟ್ 1ಕ್ಕೆ ವೈಟ್‌ಫೀಲ್ಡಿನಿಂದ ರಾಜರಾಜೇಶ್ವರಿನಗರಕ್ಕೆ ಲಿವರ್ ಹೋಗಿದ್ದು ನಮ್ಮ ಮೆಟ್ರೋದಲ್ಲಿ. ಈ ಊರಿನೊಳಗೆ ಹೆಲಿಕಾಪ್ಟರ್ ಗೆಲ್ಲಬೇಕಿದ್ದ ಒಂದೇ ಪಂದ್ಯ ಅದು, ಅದನ್ನೂ ಪರ್ಪಲ್ ಲೈನ್ ಗೆದ್ಕೊಂಡ್ತು.

ಕುಡ್ಲ_ಶಿರಾಡಿ

ಹ್ಹಹ್ಹ. ಹಾಗಾದ್ರೆ ದುಡ್ಡಿನ ಮಾತು ಕೂಡ ಆಗಲಿ. ಬಿಲ್ ಯಾಕೆ ಅಷ್ಟು ಬರುವುದು?

ಬೆಡ್‌ಟುಬೆಡ್

ಗಂಟೆಯ ಬಾಡಿಗೆ ನೋಡಿ ಮೋಸ ಹೋಗಬೇಡಿ. ವಿಮಾನ ದೆಹಲಿಯಲ್ಲಿ ನಿಂತಿದ್ರೆ ಅಲ್ಲಿಂದ ಖಾಲಿ ಬರೋದು, ರೋಗಿ ಇಳಿಸಿ ಖಾಲಿ ವಾಪಸ್ ಹೋಗೋದು ಎರಡೂ ನಿಮ್ಮ ಲೆಕ್ಕಕ್ಕೆ. ಹಾಗಾಗಿ ಮೊದಲ ಪ್ರಶ್ನೆ "ವಿಮಾನ ಈಗ ಯಾವ ಊರಲ್ಲಿದೆ". ಇಂಟರ್ನೆಟ್ಟಿನಲ್ಲಿ ಸಿಗೋರಲ್ಲಿ ಎಷ್ಟೋ ಜನ ಬ್ರೋಕರುಗಳು, ಸ್ವಂತ ವಿಮಾನ ಇರಲ್ಲ. ವಿಟಿಯಿಂದ ಶುರುವಾಗೋ ನೋಂದಣಿ ಸಂಖ್ಯೆ, ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಟ್ಟ ನಾನ್ ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್ ಯಾರ ಹೆಸರಲ್ಲಿದೆ, ಜೊತೆಗೆ ಬರೋ ಡಾಕ್ಟರ್ ಯಾವ ವಿಭಾಗದೋರು, ರದ್ದಾದ್ರೆ ಎಷ್ಟು ವಾಪಸ್, ಇಷ್ಟೂ ಬರಹದಲ್ಲಿ ತಗೊಂಡೇ ಮುಂಗಡ ಕೊಡಿ. ವಿಮೆ ಇದ್ರೆ ಪಾಲಿಸಿಯಲ್ಲಿ ಏರ್ ಆಂಬ್ಯುಲೆನ್ಸಿಗೆ ಬೇರೆ ಮಿತಿ ಇದೆಯಾ, ಮೊದಲೇ ಅನುಮತಿ ಬೇಕಾ ನೋಡಿ.

ವೆಂಟಿಲೇಟರ್ ಬೇಡದ, ಸ್ಥಿರವಾಗಿರೋ ರೋಗಿಗೆ ಟಿಕೆಟ್ ವಿಮಾನದ ಸ್ಟ್ರೆಚರ್ ಇದೆ. ಹಲವು ಸೀಟುಗಳನ್ನ ಮಡಚಿ ಅದರ ಮೇಲೆ ಕಟ್ತಾರೆ. ಡಾಕ್ಟರ್ ತುಂಬಿದ ಮೆಡಿಫ್ ಫಾರಂ ಬೇಕು, ಎರಡು ಮೂರು ದಿನ ಮೊದಲೇ ಹೇಳಬೇಕು. ಬಾಡಿಗೆ ವಿಮಾನದ ಮುಂದೆ ಖರ್ಚು ತೀರಾ ಕಡಿಮೆ, ಇದನ್ನ ಬ್ರೋಕರ್ ಯಾವತ್ತೂ ತಾನಾಗಿ ಹೇಳಲ್ಲ.

ಹಳೇಪೇಪರ್

ಸೇವೆ ನಡೆಸೋ ಕಡೆಯ ದುಡ್ಡಿಗೆ ಹೊರಗೆ ಎರಡು ಮಾದರಿ. ಕಾರ್ನ್‌ವಾಲ್‌ದು ಊರವರ ದೇಣಿಗೆಯ ಟ್ರಸ್ಟ್. 1952ರಲ್ಲಿ ಹುಟ್ಟಿದ ಸ್ವಿಟ್ಜರ್ಲೆಂಡಿನ ರೇಗಾಕ್ಕೆ ಲಕ್ಷಾಂತರ ಜನ ವರ್ಷ ವರ್ಷ ಸಣ್ಣ ಮೊತ್ತ ಕಟ್ತಾರೆ. ಎರಡರಲ್ಲೂ ಕರೆ ಬರದ ದಿನವೂ ಪೈಲಟ್ ಸಂಬಳ ನಿಲ್ಲಲ್ಲ. ಇಲ್ಲಿ ರೋಗಿ ಸಿಕ್ಕಿದ ದಿನ ಮಾತ್ರ ದುಡ್ಡು. ಹೆಲಿಕಾಪ್ಟರ್ ಕಾಯ್ತಾ ನಿಲ್ಲೋಕೆ ಆಗದಿರೋದಕ್ಕೆ ಡೆನ್ಸಿಟಿ ಆಲ್ಟಿಟ್ಯೂಡ್‌ಗಿಂತ ಇದು ದೊಡ್ಡ ಕಾರಣ ಅಂತ ನನಗನ್ನಿಸುತ್ತೆ. ಗಾಳಿಚೀಲ ಅವರು ಒಪ್ಪಲಿಕ್ಕಿಲ್ಲ.

ಗಾಳಿಚೀಲ

ಒಪ್ತೀನಿ, ಅರ್ಧ. ದುಡ್ಡಿದ್ರೂ ಇಳಿಯೋ ತಾರಸಿ ಬೇಕಲ್ಲ ಗುರುಗಳೇ.

ಐಸಿಯುಪಾಳಿ

ಈ ಚರ್ಚೆಯನ್ನ ತುರ್ತಲ್ಲೇ ಓದೋರಿದ್ರೆ: ಆಪರೇಟರ್‌ಗೆ ಮೊದಲ ಮೆಸೇಜಿನಲ್ಲೇ ರೋಗಿಯ ವಯಸ್ಸು, ತೂಕ, ವೆಂಟಿಲೇಟರ್ ಸೆಟ್ಟಿಂಗ್, ಓಡ್ತಿರೋ ಔಷಧಿಗಳ ಡೋಸ್, ಕೊನೇ ಎಬಿಜಿ (ರಕ್ತದ ಗ್ಯಾಸ್ ಪರೀಕ್ಷೆ) ರಿಪೋರ್ಟ್, ಇತ್ತೀಚಿನ ಎದೆ ಎಕ್ಸ್‌ರೇ ಫೋಟೋ ಕಳಿಸಿ. ಸೇರಿಸಿಕೊಳ್ಳೋ ಆಸ್ಪತ್ರೆಯಿಂದ ಐಸಿಯು ಹಾಸಿಗೆ ಖಾತ್ರಿ ಅನ್ನೋ ಪತ್ರ ಡಾಕ್ಟರ್ ಹೆಸರಿನ ಸಮೇತ ಇರಲಿ. ರೋಗಿ ಮತ್ತು ಜೊತೆಗೆ ಬರೋರ ಗುರುತಿನ ಚೀಟಿ ಮೂಲಪ್ರತಿ ಕೈಯಲ್ಲಿರಲಿ, ಏರ್‌ಪೋರ್ಟ್ ಗೇಟಿನ ಪಾಸ್ ಅದರ ಮೇಲೇ ಆಗೋದು. ಜೊತೆಗೆ ಒಬ್ಬರು, ಹೆಚ್ಚಂದ್ರೆ ಇಬ್ಬರು. ಸೂಟ್‌ಕೇಸ್ ರಸ್ತೆಯಲ್ಲಿ ಕಳಿಸಿ.